ನೀರಿಲ್ಲದ ದಿನಕ್ಕೂ ಕಟ್ಟಿದ ಗೋಡೆ: ಸ್ಪೇನಿನ ರೋಮನ್ ಕೆರೆಗಳ ದಾರಿಯಲ್ಲಿ ಐದು ದಿನ

ಅಪ್ಪ ಸಣ್ಣ ನೀರಾವರಿಯಲ್ಲಿ ಇಂಜಿನಿಯರ್ ಆಗಿ ಮೂವತ್ತೆರಡು ವರ್ಷ ಕೆಲಸ ಮಾಡಿದವರು. ತುಮಕೂರು, ಚಿತ್ರದುರ್ಗದ ಕಡೆಯ ಕೆರೆಗಳೆಂದರೆ ಅವರಿಗೆ ಮನೆಯ ಹಿತ್ತಲಿದ್ದ ಹಾಗೆ. ಯಾವ ಕೆರೆಯ ತೂಬು ಸೋರುತ್ತದೆ, ಯಾವುದರ ಕೋಡಿ ಮೊದಲು ಬೀಳುತ್ತದೆ ಅಂತ ಈಗಲೂ ಬಾಯಲ್ಲೇ ಹೇಳುತ್ತಾರೆ. ನಾನು ಮ್ಯಾಡ್ರಿಡ್‌ನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಈ ಅಕ್ಟೋಬರ್‌ನಲ್ಲಿ ಅವರು ಮೊದಲ ಸಲ ಬಂದರು. ಅರಮನೆ, ಮ್ಯೂಸಿಯಂ ಅಂತ ನಾನು ಪಟ್ಟಿ ಮಾಡಿಟ್ಟಿದ್ದೆ. ಅವರು ಅದನ್ನು ನೋಡಿ ಮಡಚಿ ಮೇಜಿನ ಮೇಲಿಟ್ಟರು.

"ಅದೆಲ್ಲ ಆಮೇಲೆ ನೋಡೋಣ ಕಣಮ್ಮ. ಇಲ್ಲಿ ರೋಮನ್ನರು ಕಟ್ಟಿದ ಕೆರೆ ಇದೆಯಂತೆ, ಈಗಲೂ ನೀರು ನಿಲ್ಲುತ್ತಂತೆ. ಅದನ್ನ ತೋರಿಸು."

ಐದು ದಿನ ರಜೆ ಹಾಕಿದೆ. ಒಂದು ಸಣ್ಣ ಕಾರು ಬಾಡಿಗೆಗೆ ತೆಗೆದುಕೊಂಡೆವು.

ಮೊದಲ ದಿನ: ಸೆಗೋವಿಯಾ

ಮ್ಯಾಡ್ರಿಡ್‌ನಿಂದ ಸೆಗೋವಿಯಾ ಸುಮಾರು 90 ಕಿಲೋಮೀಟರ್. ಬೆಟ್ಟದ ಸಾಲು ದಾಟಿ ಊರೊಳಗೆ ಇಳಿದರೆ ಅಸೊಗೆಹೊ ಎಂಬ ಚೌಕ. ಅದರ ನೆತ್ತಿಯ ಮೇಲೆ ರೋಮನ್ ಮೇಲ್ಗಾಲುವೆ. ಇದರ ಚಿತ್ರ ಎಲ್ಲರೂ ನೋಡಿರುತ್ತಾರೆ. ಎದುರು ನಿಂತಾಗ ಮಾತ್ರ ಅದು ಎಷ್ಟು ತೆಳ್ಳಗಿದೆ ಅಂತ ಗೊತ್ತಾಗುವುದು. 28 ಮೀಟರ್ ಎತ್ತರ, ಒಂದರ ಮೇಲೊಂದು ಎರಡು ಸಾಲು ಕಮಾನು, ಒಟ್ಟು 167 ಕಮಾನು. ಎಲ್ಲ ಗ್ರಾನೈಟ್. ಕಂಬಗಳ ಕಲ್ಲುಗಳ ನಡುವೆ ಗಾರೆ ಇಲ್ಲ. ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿದೆ.

ಅಪ್ಪ ಹತ್ತಿರ ಹೋಗಿ ಒಂದು ಕಲ್ಲಿನ ಮೇಲೆ ಬೆರಳಿಟ್ಟರು. ನಡುಮಧ್ಯದಲ್ಲಿ ಹೆಬ್ಬೆರಳು ಹೋಗುವಷ್ಟು ಒಂದು ಗುಳಿ. ಪಕ್ಕದ ಕಲ್ಲಿನಲ್ಲೂ ಇತ್ತು. ಅದರ ಮೇಲಿನದರಲ್ಲೂ. ಕಲ್ಲು ಎತ್ತಲು ಕಬ್ಬಿಣದ ಇಕ್ಕಳ ಹಾಕುತ್ತಿದ್ದ ಜಾಗ ಅದು. ಎರಡೂ ಕಡೆ ಗುಳಿ, ಎರಡೂ ಕಡೆ ಇಕ್ಕಳದ ಮೂತಿ. ಹಗ್ಗ ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. "ಮೇಸ್ತ್ರಿಯ ಕೈ ಗುರುತು ಇನ್ನೂ ಹಾಗೇ ಇದೆ ನೋಡು" ಅಂದರು.

ನೀರು ಬರುತ್ತಿದ್ದದ್ದು ಸುಮಾರು 17 ಕಿಲೋಮೀಟರ್ ದೂರದ ಫ್ರಿಯೊ ಎಂಬ ಹೊಳೆಯಿಂದ. ಫ್ರಿಯೊ ಅಂದರೆ ತಣ್ಣನೆಯದು. ಊರಿಗೆ ಬರುವ ಮುಂಚೆ ನೀರನ್ನು ಒಂದು ಕಲ್ಲಿನ ತೊಟ್ಟಿಯಲ್ಲಿ ನಿಲ್ಲಿಸಿ, ಮರಳು ತಳಕ್ಕೆ ಕೂತ ಮೇಲೆ ಮುಂದಕ್ಕೆ ಬಿಡುತ್ತಿದ್ದರು. ಉದ್ದಕ್ಕೂ ಎಲ್ಲೂ ಪಂಪ್ ಇಲ್ಲ, ಬರೀ ಇಳಿಜಾರು. ಮಟ್ಟ ನೋಡಲು ರೋಮನ್ನರ ಹತ್ತಿರ ಇಪ್ಪತ್ತು ಅಡಿ ಉದ್ದದ ಒಂದು ಮರದ ಮಣೆ ಇರುತ್ತಿತ್ತು. ಎರಡೂ ತುದಿಯಲ್ಲಿ ತೂಗುಗುಂಡು ಇಳಿಬಿಡುತ್ತಿದ್ದರು. ಗಾಳಿಗೆ ಗುಂಡು ಅಲ್ಲಾಡಿದರೆ ಮಣೆಯ ಮೇಲೆ ಉದ್ದಕ್ಕೆ ಕೊರೆದ ತೋಡಿನಲ್ಲಿ ನೀರು ತುಂಬಿ ನೋಡುತ್ತಿದ್ದರು. ಹಾಗಂತ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟಿದ್ದಾನೆ. ಅಪ್ಪನಿಗೆ ಇದು ಬಹಳ ಇಷ್ಟವಾಯಿತು. "ಅಂದ್ರೆ ರಸಮಟ್ಟ. ರಸದ ಬದಲು ನೀರು, ಅಷ್ಟೇ."

ಊರಿನವರು ಹೇಳುವ ಕಥೆ ಬೇರೆ. ಬೆಟ್ಟ ಹತ್ತಿಳಿದು ನೀರು ಹೊತ್ತು ಸಾಕಾದ ಹುಡುಗಿಯೊಬ್ಬಳು, ಬೆಳಗಾಗುವುದರೊಳಗೆ ನನ್ನ ಮನೆಬಾಗಿಲಿಗೆ ನೀರು ತಂದರೆ ನನ್ನ ಆತ್ಮ ನಿನಗೆ ಅಂತ ಸೈತಾನನಿಗೆ ಮಾತು ಕೊಟ್ಟಳಂತೆ. ಅವನು ರಾತ್ರಿಯೆಲ್ಲ ಕಟ್ಟಿದ. ಕೊನೆಯ ಒಂದು ಕಲ್ಲು ಇಡುವಷ್ಟರಲ್ಲಿ ಸೂರ್ಯ ಹುಟ್ಟಿಬಿಟ್ಟ. ಹುಡುಗಿ ಉಳಿದುಕೊಂಡಳು, ಊರಿಗೆ ನೀರೂ ಬಂತು. ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಸೈತಾನನಲ್ಲ, ಆ ಹುಡುಗಿಯ ಸೊಂಟದ ಮೇಲಿನ ಕೊಡ. ನೀರು ಹೊರುವ ಕೆಲಸ ಯಾವ ಕಾಲದಲ್ಲೂ, ಯಾವ ದೇಶದಲ್ಲೂ ಹೆಣ್ಣುಮಕ್ಕಳ ಪಾಲಿಗೇ ಬಂದಿದೆ, ಅಲ್ವಾ?

ಊಟಕ್ಕೆ ಕೂತಾಗ ಅಪ್ಪ ಹೇಳಿದರು: "ಚೆನ್ನಾಗಿದೆ. ಆದರೆ ಇದು ಹೊಳೆ ನೀರು ತಿರುಗಿಸಿದ್ದು. ನೀರು ನಿಲ್ಲಿಸಿದ್ದು ಎಲ್ಲಿ?"

ಎರಡನೆಯ ದಿನ: ಬಿದ್ದ ಅಣೆಕಟ್ಟು

ಟೊಲೆಡೊಗೆ ಹೋಗುವವರೆಲ್ಲ ದೊಡ್ಡ ಚರ್ಚು, ಹಳೇ ಬೀದಿ ನೋಡುತ್ತಾರೆ. ನಾವು ಊರೊಳಗೆ ಒಂದು ಕಾಫಿ ಕುಡಿದು ದಕ್ಷಿಣಕ್ಕೆ ಹೊರಟೆವು. ಸುಮಾರು 20 ಕಿಲೋಮೀಟರ್ ಆಚೆ ಮಸರಂಬ್ರೋಸ್ ಎಂಬ ಹಳ್ಳಿಯ ಸೀಮೆಯಲ್ಲಿ ಅಲ್ಕಂತರಿಲ್ಯಾ ಅಣೆಕಟ್ಟು ಇದೆ. ಇದೆ ಅನ್ನುವುದಕ್ಕಿಂತ ಬಿದ್ದಿದೆ ಅನ್ನಬೇಕು.

ಟಾರು ರಸ್ತೆ ಮುಗಿದ ಮೇಲೆ ಮಣ್ಣಿನ ದಾರಿ. ಕಾರನ್ನು ಬದಿಗೆ ನಿಲ್ಲಿಸಿ ನಡೆದೆವು. ಒಣಗಿದ ಹುಲ್ಲು, ಅಲ್ಲಲ್ಲಿ ಓಕ್ ಮರ, ದೂರದಲ್ಲಿ ಕುರಿಯ ಗಂಟೆ. ಹಳ್ಳದ ಹೆಸರು ಗ್ವಾಹಾರಾಸ್. ಅಕ್ಟೋಬರ್‌ನಲ್ಲಿ ಕಾಲು ನೆನೆಯುವಷ್ಟೂ ನೀರಿರಲಿಲ್ಲ. ಈ ಹಳ್ಳಕ್ಕೆ ಅಡ್ಡಲಾಗಿ ರೋಮನ್ನರು 550 ಮೀಟರಿಗೂ ಉದ್ದದ ಒಡ್ಡು ಕಟ್ಟಿದ್ದರು. ಎತ್ತರ ಸುಮಾರು 20 ಮೀಟರ್. ನೀರು ಟೊಲೆಡೊಗೆ ಹೋಗುತ್ತಿತ್ತು. ಈಗಿನ ಟೊಲೆಡೊದವರೂ ಇದೇ ಹಳ್ಳಕ್ಕೆ ಸ್ವಲ್ಪ ಕೆಳಗೆ ಬೇರೊಂದು ಅಣೆಕಟ್ಟು ಕಟ್ಟಿಕೊಂಡು ಕುಡಿಯುವ ನೀರು ಒಯ್ಯುತ್ತಾರೆ. ಹಳ್ಳ ಹಿಡಿಯುವ ಜಾಗ ಆರಿಸುವುದರಲ್ಲಿ ರೋಮನ್ನರು ತಪ್ಪಿರಲಿಲ್ಲ.

ಎರಡು ತುದಿಯಲ್ಲಿ ಒಡ್ಡು ಉಳಿದಿದೆ. ನಡುವಿನ ಭಾಗ ಪೂರ್ತಿ ಹೋಗಿದೆ. ಆಳೆತ್ತರಕ್ಕೂ ಮೀರಿದ ಗೋಡೆಯ ತುಂಡುಗಳು ಹಳ್ಳದಲ್ಲಿ ಮಗುಚಿ ಬಿದ್ದಿವೆ. ಸುಣ್ಣ, ಜಲ್ಲಿ ಕಲಸಿ ತುಂಬಿದ ಗೋಡೆ. ಅಷ್ಟು ಎತ್ತರದಿಂದ ಬಿದ್ದರೂ ತುಂಡುಗಳು ಪುಡಿಯಾಗಿಲ್ಲ. ಅಪ್ಪ ಒಂದರ ಸುತ್ತ ನಿಧಾನವಾಗಿ ನಡೆದರು. ಆಮೇಲೆ ಮೇಲ್ಗಡೆ ನೋಡಿದರು, ಕೆಳಗಡೆ ನೋಡಿದರು, ಮತ್ತೆ ಮೇಲ್ಗಡೆ.

"ಇದು ಯಾವ ಕಡೆಗೆ ಬಿದ್ದಿದೆ ಹೇಳು?"

ನಾನು ನೋಡಿದೆ. ತುಂಡುಗಳು ಒಡ್ಡಿನ ಒಳಗಡೆಗೆ ಬಿದ್ದಿದ್ದವು. ಅಂದರೆ ಹಿಂದೆ ನೀರು ನಿಲ್ಲುತ್ತಿದ್ದ ಕಡೆಗೆ.

"ಅಣೆಕಟ್ಟು ಒಡೆದ್ರೆ ನೀರು ದಬ್ಬಿದ ಕಡೆಗೆ ಬೀಳಬೇಕಲ್ವಾ? ಇದು ಎದುರಿಗೆ ಬಿದ್ದಿದೆ. ಇದನ್ನ ನೀರು ಬೀಳಿಸಲಿಲ್ಲ. ಮಣ್ಣು ಬೀಳಿಸ್ತು."

ಅಪ್ಪ ಅಲ್ಲೇ ಒಂದು ಕಡ್ಡಿ ತಗೊಂಡು ಮಣ್ಣಲ್ಲಿ ಗೀಟು ಎಳೆದು ವಿವರಿಸಿದರು. ಇಲ್ಲಿ ನೀರಿನ ಕಡೆ ಕಲ್ಲುಗಾರೆಯ ಗೋಡೆ ಇದೆ. ಅದರ ಬೆನ್ನಿಗೆ ಹೊರಗಡೆ ಮಣ್ಣಿನ ಏರಿ. ಕೆರೆ ತುಂಬಿದಾಗ ನೀರು ಗೋಡೆಯನ್ನು ಏರಿಯ ಕಡೆಗೆ ಒತ್ತುತ್ತದೆ. ಏರಿ ತಡೆದುಕೊಳ್ಳುತ್ತದೆ. ಎರಡೂ ಒಂದಕ್ಕೊಂದು ಸಮ. ಈಗ ಕೆರೆ ಬೇಗ ಬರಿದಾಯಿತು ಅಂದುಕೊಳ್ಳಿ. ಗೋಡೆಯ ಮುಂದೆ ಒತ್ತುವುದಕ್ಕೆ ನೀರಿಲ್ಲ. ಹಿಂದಿನ ಮಣ್ಣು ಮಾತ್ರ ನೀರು ಕುಡಿದು ಭಾರವಾಗಿ ಕೂತಿದೆ. ಅದು ಗೋಡೆಯನ್ನು ಖಾಲಿ ಕೆರೆಯೊಳಕ್ಕೆ ನೂಕುತ್ತದೆ. ಆ ಕಡೆ ಗೋಡೆಗೆ ಆಸರೆಯೇ ಇಲ್ಲ. ಈ ಅಣೆಕಟ್ಟು ಹೀಗೇ ಬಿದ್ದಿರಬೇಕು ಅಂತ ಇದರ ಬಗ್ಗೆ ಬರೆದ ತಜ್ಞರೂ ಹೇಳುತ್ತಾರೆ.

"ನಾವು ಇದಕ್ಕೆ ಸಡನ್ ಡ್ರಾಡೌನ್ ಅಂತೀವಿ. ಕೆರೆ ತುಂಬಿದಾಗ ಎಲ್ಲರೂ ಬಂದು ಏರಿ ನೋಡ್ತಾರೆ, ಬಾಗಿನ ಬಿಡ್ತಾರೆ. ಖಾಲಿ ಆಗೋವಾಗ ಯಾರೂ ನೋಡಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೆರೆಯ ತೂಬು ಎತ್ತಿ ಮೂರೇ ದಿನದಲ್ಲಿ ನೀರೆಲ್ಲ ಬಿಟ್ಟುಬಿಟ್ಟರು. ಮೀನು ಹಿಡಿಯೋದಕ್ಕೆ. ನಾಲ್ಕನೇ ದಿನ ಬೆಳಗ್ಗೆ ಹೋದ್ರೆ ಏರಿಯ ಒಳಮೈ ಕಲ್ಲು ಸಮೇತ ಜಾರಿ ಕೂತಿತ್ತು."

ಆ ಕೆರೆಯ ವಿಷಯ ನನಗೆ ಇದುವರೆಗೆ ಹೇಳಿರಲಿಲ್ಲ. ಅದನ್ನು ಸರಿಮಾಡಲು ಎರಡು ಬೇಸಿಗೆ ಬೇಕಾಯಿತಂತೆ. ಅಷ್ಟು ದಿನ ಅಚ್ಚುಕಟ್ಟಿನ ರೈತರಿಗೆ ಬೆಳೆ ಇಲ್ಲ. ಅದನ್ನು ಹೇಳುವಾಗ ಅಪ್ಪನ ದನಿ ಸಣ್ಣಗಾಯಿತು. ಕುರಿಗಳು ಹಳ್ಳಕ್ಕೆ ಇಳಿದು ಬಂದವು. ಬಿದ್ದ ಗೋಡೆಯ ನೆರಳಲ್ಲಿ ನಾವೂ ಸ್ವಲ್ಪ ಹೊತ್ತು ಕೂತೆವು.

ಮೂರನೆಯ ದಿನ: ಪ್ರೊಸರ್ಪಿನಾ

ಟೊಲೆಡೊದಿಂದ ಮೆರಿದಾಗೆ ಮೂರು ಗಂಟೆಯ ಮೇಲೆ ದಾರಿ. ಪಶ್ಚಿಮಕ್ಕೆ ಹೋದ ಹಾಗೆ ನೆಲ ಒಣಗುತ್ತಾ ಹೋಗುತ್ತದೆ. ಎಸ್ತ್ರೆಮದೂರಾ ಎಂಬ ಈ ಸೀಮೆಯಲ್ಲಿ ಬೇಸಿಗೆಯೆಲ್ಲ ಮಳೆಯೇ ಇಲ್ಲ. ನೀರು ಹಿಡಿದಿಡದೆ ಇಲ್ಲಿ ಊರು ಕಟ್ಟಲಾಗದು ಅಂತ ಕಿಟಕಿಯಿಂದ ನೋಡಿದರೇ ಗೊತ್ತಾಗುತ್ತದೆ.

ಮೆರಿದಾವನ್ನು ಕ್ರಿ.ಪೂ. 25ರಲ್ಲಿ ಅಗಸ್ಟಸ್ ಚಕ್ರವರ್ತಿ ಕಟ್ಟಿಸಿದ. ಉತ್ತರ ಸ್ಪೇನಿನ ಯುದ್ಧ ಮುಗಿಸಿ ನಿವೃತ್ತರಾದ ಸೈನಿಕರಿಗೆ ಜಮೀನು ಕೊಟ್ಟು ಕೂರಿಸಿದ ಊರು ಇದು. ಹೆಸರು ಎಮೆರಿತಾ ಅಗಸ್ತಾ. ಎಮೆರಿತಿ ಅಂದರೆ ಸೇವೆ ಮುಗಿಸಿದವರು. ಮುಂದೆ ಲುಸಿತಾನಿಯಾ ಪ್ರಾಂತ್ಯದ ರಾಜಧಾನಿಯಾಯಿತು. ಊರಿನ ಪಕ್ಕದಲ್ಲೇ ಗ್ವಾದಿಯಾನಾ ನದಿ ಹರಿಯುತ್ತದೆ. ಆದರೆ ನದಿ ತಗ್ಗಿನಲ್ಲಿದೆ, ಊರು ದಿಬ್ಬದ ಮೇಲೆ. ಹಾಗಾಗಿ ಎತ್ತರದ ಜಾಗದಲ್ಲಿ ಹಳ್ಳಗಳಿಗೆ ಒಡ್ಡು ಹಾಕಿ ಅಲ್ಲಿಂದ ಕಾಲುವೆಯಲ್ಲಿ ನೀರು ತಂದರು.

ಊರಿಂದ ಸುಮಾರು ಐದು ಕಿಲೋಮೀಟರ್ ಉತ್ತರಕ್ಕೆ ಪ್ರೊಸರ್ಪಿನಾ. ಇಲ್ಲಿಯವರು ಇದನ್ನು ಚಾರ್ಕಾ ಅಂತಾರೆ. ಚಾರ್ಕಾ ಅಂದರೆ ಸಣ್ಣ ಹೊಂಡ. 50 ಲಕ್ಷ ಘನ ಮೀಟರ್ ನೀರು ಹಿಡಿಯುವ, ಎರಡು ಸಾವಿರ ವರ್ಷದ ಹತ್ತಿರದ ಕೆರೆಗೆ ಹೊಂಡ ಅನ್ನುವ ಹೆಸರು! "ನಮ್ಮಲ್ಲಿ ನೂರು ಎಕರೆ ಕೆರೆ ಕಟ್ಟಿಸಿದ್ರೂ ಸಮುದ್ರ ಅಂತ ಹೆಸರಿಡ್ತಾರೆ" ಅಂದರು ಅಪ್ಪ. ಅವರಿಗೆ ಎರಡೂ ಇಷ್ಟ. ಸಮುದ್ರ ಅನ್ನುವುದರಲ್ಲಿ ಆಸೆ ಇದೆ, ಹೊಂಡ ಅನ್ನುವುದರಲ್ಲಿ ಸಲಿಗೆ ಇದೆ.

ನಾವು ಹೋದಾಗ ಸಂಜೆ ನಾಲ್ಕು. ಬೇಸಿಗೆ ಮುಗಿದು ನೀರು ಕೆಳಗಿಳಿದಿತ್ತು. ಅದೇ ನಮ್ಮ ಅದೃಷ್ಟ. ಒಳಮೈ ಗೋಡೆ ಚೆನ್ನಾಗಿ ಕಾಣುತ್ತಿತ್ತು. ಒಡ್ಡಿನ ಉದ್ದ ಸುಮಾರು 427 ಮೀಟರ್. ಪೂರ್ತಿ ನೆಟ್ಟಗಿಲ್ಲ, ಕೆಳಗೆ ಬಂಡೆ ಸಿಕ್ಕ ಹಾಗೆ ಅಲ್ಲಲ್ಲಿ ತಿರುಗುತ್ತದೆ. ಮೇಲೆ ನಡೆದು ಹೋಗಬಹುದು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರಾಗಿ ಹರಡಿದ ಮಣ್ಣಿನ ಏರಿ, ಅದರ ಮೇಲೆ ಹುಲ್ಲು. ನಿನ್ನೆ ನೋಡಿದ ಅದೇ ಮಾದರಿ: ನೀರಿಗೆ ಗೋಡೆ, ಗೋಡೆಗೆ ಮಣ್ಣು.

ಅರ್ಧ ದಾರಿ ನಡೆದ ಮೇಲೆ ಅಪ್ಪ ನಿಂತರು. ಬಗ್ಗಿ ನೀರಿನ ಕಡೆ ನೋಡಿದರು. ಆಮೇಲೆ ಹೇಳಿದ್ದು ಒಂದೇ ಮಾತು.

"ಇಟ್ಟಿದ್ದಾರೆ ನೋಡು."

ಗೋಡೆಯಿಂದ ನೀರಿನ ಕಡೆಗೆ ದಪ್ಪ ದಪ್ಪ ಒತ್ತುಗೋಡೆಗಳು ಚಾಚಿಕೊಂಡಿದ್ದವು. ಇಂಜಿನಿಯರುಗಳು ಬಟ್ರೆಸ್ ಅನ್ನುವುದು ಇದನ್ನೇ. ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋದೆವು. ಒಟ್ಟು ಒಂಬತ್ತು. ಮಣ್ಣಿನ ಕಡೆ ಯಾವುದೂ ಕಾಣಲಿಲ್ಲ. ಕಂಡವೆಲ್ಲ ನೀರಿನ ಕಡೆ. ಇದನ್ನು ಮೊದಲ ಸಲ ನೋಡಿದವರಿಗೆ ತಲೆಕೆಳಗಾಗಿ ಕಾಣಬಹುದು. ನೀರು ದಬ್ಬುವುದು ಆಚೆಗೆ, ಆಸರೆ ಮಾತ್ರ ಈಚೆಗೆ ಯಾಕೆ? ನಿನ್ನೆಯ ಬಿದ್ದ ಗೋಡೆ ನೋಡಿರದಿದ್ದರೆ ನನಗೂ ಅರ್ಥವಾಗುತ್ತಿರಲಿಲ್ಲ. ಈ ಒಂಬತ್ತು ಆಸರೆ ಇರುವುದು ಕೆರೆ ತುಂಬಿದ ದಿನಕ್ಕಲ್ಲ, ಬರಿದಾದ ದಿನಕ್ಕೆ. ಆಚೆಯ ಹಸಿ ಮಣ್ಣು ನೂಕಿದಾಗ ಗೋಡೆ ಮುಂದಕ್ಕೆ ಮುಗ್ಗರಿಸಬಾರದು ಅಂತ.

ಅಪ್ಪ ದಡದ ಕಲ್ಲುಗಳ ಮೇಲೆ ಹುಷಾರಾಗಿ ಇಳಿದು ಕೊನೆಯ ಒತ್ತುಗೋಡೆಯ ಹತ್ತಿರ ಹೋದರು. ನಾನು ಕೈ ಹಿಡಿದುಕೊಂಡೆ. ಗ್ರಾನೈಟ್ ಕಲ್ಲು ಬಿಸಿಲಿಗೆ ಬೆಚ್ಚಗಿತ್ತು. ನೀರು ಇಳಿದ ಗುರುತುಗಳು ಪಟ್ಟೆ ಪಟ್ಟೆಯಾಗಿ ಕಾಣುತ್ತಿದ್ದವು. ಸಂದಿನಲ್ಲಿ ಗಾರೆ ಬೆಳ್ಳಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಉಗುರೇ ಸವೆಯಿತು.

ನಮ್ಮ ಕಣ್ಣಿಗೆ ಕಂಡದ್ದು ಅಣೆಕಟ್ಟಿನ ಮೇಲಿನ ಭಾಗ ಮಾತ್ರ. 1990ರ ದಶಕದ ಆರಂಭದಲ್ಲಿ ಕೆರೆ ಬರಿದು ಮಾಡಿ ಹೂಳು ತೆಗೆದಾಗ ಕೆಳಗೆ ಇನ್ನೂ ಏಳು ಮೀಟರಿನಷ್ಟು ಗೋಡೆ ಸಿಕ್ಕಿತು. ಅದು ಅಲ್ಲಿದೆ ಅಂತ ಅಲ್ಲಿಯವರೆಗೆ ಜನರಿಗೆ ತಿಳಿದಿರಲಿಲ್ಲ. ಬುಡದಿಂದ ಅಳೆದರೆ ಒಟ್ಟು ಎತ್ತರ 20 ಮೀಟರ್ ದಾಟುತ್ತದೆ. ಹೂಳಿನ ಕೆಳಗೆ ಸೀಸದ ಕೊಳವೆಗಳೂ ಇದ್ದವು. ಇದನ್ನು ಹೇಳಿದಾಗ ಅಪ್ಪ ನಿಟ್ಟುಸಿರು ಬಿಟ್ಟರು. ಹೂಳು ತೆಗೆಯುವ ಅಂದಾಜುಪಟ್ಟಿ ಎಷ್ಟು ಸಲ ಬರೆದಿದ್ದಾರೋ, ಅದರಲ್ಲಿ ಎಷ್ಟು ಸಲ ದುಡ್ಡು ಬಂದಿದೆಯೋ ಅವರಿಗೇ ಗೊತ್ತು.

ಇಲ್ಲಿಯ ತೂಬು ನೋಡುವಂಥದ್ದು. ಹೊರಗಡೆಯ ಮಣ್ಣಿನ ಏರಿಯೊಳಗೆ, ಗೋಡೆಗೆ ಅಂಟಿದ ಹಾಗೆ, ಬಾವಿಯಂತಹ ಎರಡು ಕಲ್ಲಿನ ಗೋಪುರ ಇಳಿಸಿದ್ದಾರೆ. ಇಲ್ಲಿಯವರು ಬೋಸಿನೆಸ್ ಅಂತಾರೆ. ಕೆರೆಯ ನೀರು ಗೋಡೆ ತೂರಿ ಕೊಳವೆಯಲ್ಲಿ ಈ ಬಾವಿಯ ತಳಕ್ಕೆ ಬರುತ್ತಿತ್ತು. ಮೆಟ್ಟಿಲಿಳಿದು ಹೋಗಿ ಬೇಕಾದಷ್ಟು ಬಿಟ್ಟುಕೊಳ್ಳುತ್ತಿದ್ದರು. ಅಂದರೆ ಇಲ್ಲಿಯ ನೀರುಗಂಟಿ ಮೈ ನೆನೆಸಿಕೊಳ್ಳಬೇಕಿರಲಿಲ್ಲ. ನಮ್ಮ ಹಳೆಯ ಕೆರೆಗಳಲ್ಲಿ ತೂಬಿನ ಕಲ್ಲುಗಂಬ ನೀರಿನೊಳಗೇ ಇರುತ್ತದೆ. ತುಂಬಿದ ಕೆರೆಗೆ ಈಜಿ ಹೋಗಿ ತೂಬು ಎತ್ತಿದವರನ್ನು ಅಪ್ಪ ನೋಡಿದ್ದಾರೆ.

ಕೆಳಗಡೆ ಉಣ್ಣೆ ತೊಳೆಯುತ್ತಿದ್ದ ಹಳೆಯ ಕಟ್ಟಡವಿದೆ. ಈ ಸೀಮೆ ಕುರಿಗಳ ಸೀಮೆ. ರೋಮನ್ನರು ಹೋದ ಎಷ್ಟೋ ಶತಮಾನದ ಮೇಲೆ, 18ನೇ ಶತಮಾನದಲ್ಲಿ, ಇದೇ ಕೆರೆಯ ನೀರಲ್ಲಿ ಉಣ್ಣೆ ತೊಳೆದರು. ಒಡ್ಡನ್ನು ಮತ್ತೆ ಮತ್ತೆ ದುರಸ್ತಿ ಮಾಡಿದ್ದಾರೆ. ನನಗೆ ಅನ್ನಿಸುವುದು ಇಷ್ಟು: ಕೆರೆ ಉಳಿದದ್ದು ಬರೀ ಕಲ್ಲಿನ ಗಟ್ಟಿತನದಿಂದಲ್ಲ. ಪ್ರತಿ ಕಾಲದಲ್ಲೂ ಇದರ ನೀರು ಯಾರಿಗೋ ಬೇಕಿತ್ತು. ಬೇಕಾದವರು ನೋಡಿಕೊಂಡರು. ಈಗ ಬೇಸಿಗೆಯಲ್ಲಿ ಊರಿನ ಮಕ್ಕಳೆಲ್ಲ ಇಲ್ಲೇ ಈಜುತ್ತಾರೆ.

ಕತ್ತಲಾಗುವವರೆಗೂ ಅಪ್ಪ ಏರಿ ಬಿಟ್ಟು ಬರಲಿಲ್ಲ.

ನಾಲ್ಕನೆಯ ದಿನ: ಊರೊಳಗೆ ನೀರು

ಬೆಳಗ್ಗೆ ಲೋಸ್ ಮಿಲಾಗ್ರೋಸ್ ಮೇಲ್ಗಾಲುವೆಗೆ ಹೋದೆವು. ಮಿಲಾಗ್ರೋಸ್ ಅಂದರೆ ಪವಾಡಗಳು. ಇಷ್ಟು ಎತ್ತರದ ಕಂಬಗಳು ಇನ್ನೂ ಬಿದ್ದಿಲ್ಲವಲ್ಲ ಅಂತ ಜನ ಬೆರಗಾಗಿ ಇಟ್ಟ ಹೆಸರು. ಪ್ರೊಸರ್ಪಿನಾದ ನೀರು ಬಳಸು ದಾರಿಯಲ್ಲಿ ಬಂದು, ಅಲ್ಬರೆಗಾಸ್ ಎಂಬ ಸಣ್ಣ ಹೊಳೆಯ ತಗ್ಗನ್ನು ದಾಟುತ್ತಿದ್ದದ್ದು ಇದರ ಮೇಲೆ. ಸುಮಾರು 830 ಮೀಟರ್ ಉದ್ದ, 25 ಮೀಟರ್ ಎತ್ತರ. ಒಂದಷ್ಟು ವರಸೆ ಗ್ರಾನೈಟ್, ಆಮೇಲೆ ಕೆಂಪು ಇಟ್ಟಿಗೆಯ ಪಟ್ಟಿ, ಮತ್ತೆ ಗ್ರಾನೈಟ್. ದೂರದಿಂದ ಅಂಚು ಹಾಕಿ ನೇಯ್ದ ಸೀರೆಯ ಹಾಗೆ ಕಾಣುತ್ತದೆ. ಪ್ರತಿ ಕಂಬದ ತಲೆಯ ಮೇಲೂ ಕೊಕ್ಕರೆಯ ದೊಡ್ಡ ಗೂಡು. ಬೆಳಗಿನ ಹೊತ್ತು ಅವು ಕೊಕ್ಕು ಬಡಿಯುವ ಸದ್ದು ಒಣ ಬಿದಿರು ಕುಟ್ಟಿದ ಹಾಗೆ ಕೇಳುತ್ತಿತ್ತು.

ಕಾಲುವೆಯ ಒಳಮೈಗೆ ಬಳಿಯುತ್ತಿದ್ದ ಗಾರೆಯ ಬಗ್ಗೆ ಅಪ್ಪನಿಗೆ ಹೇಳಬೇಕಾಗಿಯೇ ಇರಲಿಲ್ಲ. ಸುಣ್ಣಕ್ಕೆ ಹೆಂಚು, ಮಡಕೆಯ ಪುಡಿ ಬೆರೆಸಿದರೆ ನೀರಿಗೆ ಜಗ್ಗದ ಗಾರೆ ಆಗುತ್ತದೆ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದೂ ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣ ಮತ್ತು ಇಟ್ಟಿಗೆ ಪುಡಿಯಲ್ಲಿ. ಅವರ ಸರ್ವೀಸಿನ ಮೊದಲ ವರ್ಷಗಳಲ್ಲಿ ಸುರ್ಕಿ ಅರೆಯುವ ಗಾಣ ನೋಡಿದ ಮೇಸ್ತ್ರಿಗಳು ಇನ್ನೂ ಇದ್ದರಂತೆ.

ರಂಗಮಂದಿರ, ದೇವಾಲಯ ಎಲ್ಲ ನೋಡಿದೆವು. ಚೆನ್ನಾಗಿವೆ. ಆದರೆ ನನಗೆ ಹೇಳಬೇಕಿರುವುದು ರೋಮನ್ ಕಲೆಯ ರಾಷ್ಟ್ರೀಯ ಮ್ಯೂಸಿಯಂನಲ್ಲಿರುವ ಒಂದು ಕಲ್ಲಿನ ಬಗ್ಗೆ. ಕೆರೆಗೆ ಪ್ರೊಸರ್ಪಿನಾ ಎಂಬ ಹೆಸರು ಬಂದದ್ದು ಅದರಿಂದ. ಅದು 18ನೇ ಶತಮಾನದಲ್ಲಿ ಕೆರೆಯ ಹತ್ತಿರ ಸಿಕ್ಕಿತು. ಅದರಲ್ಲಿ ಯಾರೋ ಒಬ್ಬರು ಇಲ್ಲಿಯ ಮೂಲ ದೇವತೆ ಅತೇಸಿನಾಳನ್ನು ರೋಮನ್ ದೇವತೆ ಪ್ರೊಸರ್ಪಿನಾ ಅಂತಲೂ ಕರೆದು ಮೊರೆ ಇಟ್ಟಿದ್ದಾರೆ. ಏನು ಮೊರೆ ಅಂದರೆ, ನನ್ನ ಬಟ್ಟೆ ಕದ್ದಿದ್ದಾರೆ, ಆರು ಅಂಗಿ ಹೋಗಿವೆ, ಕದ್ದವರನ್ನು ನೀನೇ ನೋಡಿಕೋ. ಕಲ್ಲಿನ ಮುಂದೆ ನಾನು ತುಂಬ ಹೊತ್ತು ನಿಂತೆ. ನಮ್ಮ ಕಡೆಯಾದರೆ ಇದನ್ನೇ ಧರ್ಮಸ್ಥಳಕ್ಕೆ ಹೇಳಿಕೊಳ್ಳುತ್ತಾರೆ. ಚಕ್ರವರ್ತಿಗಳ ಹೆಸರು ಅಲ್ಲಿ ಎಷ್ಟೋ ಕಲ್ಲಿನ ಮೇಲಿದೆ. ಕೆರೆಗೆ ಹೆಸರು ಕೊಟ್ಟದ್ದು ಬಟ್ಟೆ ಕಳೆದುಕೊಂಡವರ ಸಂಕಟ.

ಮಧ್ಯಾಹ್ನ ಗ್ವಾದಿಯಾನಾ ಮೇಲಿನ ರೋಮನ್ ಸೇತುವೆಯ ಹತ್ತಿರ ಕೂತು ಅಪ್ಪನಿಗೆ ಫ್ರಾಂಟಿನಸ್‌ನ ಕಥೆ ಹೇಳಿದೆ. ಕ್ರಿ.ಶ. 97ರಲ್ಲಿ ರೋಮ್ ನಗರದ ನೀರಿನ ಉಸ್ತುವಾರಿಗೆ ನೇಮಕವಾದ ಅಧಿಕಾರಿ ಆತ. ಅಧಿಕಾರ ವಹಿಸಿಕೊಂಡ ಕೂಡಲೇ ಒಂದೊಂದು ಕಾಲುವೆಯ ನೀರನ್ನೂ ತಾನೇ ಅಳೆಸಿದ. ಲೆಕ್ಕದ ಪುಸ್ತಕಕ್ಕೂ ನೀರಿಗೂ ತಾಳೆಯೇ ಇಲ್ಲ. ನೆಲದಡಿಯಲ್ಲಿ ಕೊಳವೆಗೆ ತೂತು ಹಾಕಿ ಕಳ್ಳ ಸಂಪರ್ಕ ಕೊಡುವವರಿದ್ದರು. ಮನೆಗೆ ನೀರು ಬಿಡುವ ಕಂಚಿನ ಮೂತಿಯ ಅಳತೆಗೆ ಮುದ್ರೆ ಇರಬೇಕಿತ್ತು. ಮುದ್ರೆ ಇಲ್ಲದ ದೊಡ್ಡ ಮೂತಿಗಳೂ ಸಿಕ್ಕವು. ರೋಮ್‌ನ ಕಾಲುವೆಗಳ ನಿರ್ವಹಣೆಗೆ 700 ಕೆಲಸಗಾರರಿದ್ದರು. ಅವರನ್ನು ಮೇಲಿನವರು ತಮ್ಮ ಖಾಸಗಿ ಕೆಲಸಕ್ಕೆ ಕಳಿಸುತ್ತಿದ್ದರು. ಅದನ್ನೂ ಬರೆದಿಟ್ಟಿದ್ದಾನೆ.

ಅಪ್ಪ ಮಾತಾಡದೆ ಕೇಳುತ್ತಿದ್ದರು. "ಅಳೆಸಿದ ನೋಡು, ಅದು ದೊಡ್ಡದು" ಅಂದರು ಕೊನೆಗೆ. "ಅಳೆಯೋಕೆ ಹೋದವನಿಗೇ ಎಲ್ಲರೂ ಶತ್ರು ಆಗೋದು."

ಇನ್ನೊಂದು ವಿಷಯ ಹೇಳಿದಾಗ ಅವರ ಮುಖ ಅರಳಿತು. ಕ್ರಿ.ಪೂ. 11ರಲ್ಲಿ ರೋಮನ್ ಸೆನೆಟ್ ಒಂದು ನಿಯಮ ಮಾಡಿತ್ತು. ನೀರಿನ ಬುಗ್ಗೆ, ಕಮಾನು, ಗೋಡೆಗಳ ಎರಡೂ ಬದಿಗೆ ಹದಿನೈದು ಅಡಿ ಜಾಗ ಖಾಲಿ ಇರಬೇಕು. ಅಲ್ಲಿ ಮರ ನೆಡುವಂತಿಲ್ಲ. ಬೇರು ಕಲ್ಲಿನ ಸಂದಿಗೆ ಇಳಿದು ಕಟ್ಟಡ ಸೀಳುತ್ತದೆ ಅಂತ. "ಜಂಗಲ್ ಕಟಿಂಗ್!" ಅಂದರು ಅಪ್ಪ, ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ. ಏರಿಯ ಮೇಲಿನ ಗಿಡಗಂಟಿ ತೆಗೆಸುವುದಕ್ಕೆ ಇಲಾಖೆಯಲ್ಲಿ ಹೇಳುವ ಮಾತು ಅದು. ಮೂವತ್ತೆರಡು ವರ್ಷ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅವರು ಅದಕ್ಕಾಗಿ ಓಡಾಡಿದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ.

ಸಂಜೆ ಆ ಸೇತುವೆ ದಾಟಿ ಆಚೆ ದಡಕ್ಕೆ ಹೋಗಿ ಬಂದೆವು. 790 ಮೀಟರ್ ಉದ್ದ, 60 ಕಮಾನು. ಈಗ ಅದರ ಮೇಲೆ ವಾಹನ ಬಿಡುವುದಿಲ್ಲ. ಅಪ್ಪ ಹೋಗುವಾಗಲೂ ಬರುವಾಗಲೂ ಕಮಾನು ಎಣಿಸಲಿಲ್ಲ. ಸುಮ್ನೆ ನದಿ ನೋಡುತ್ತಾ ನಡೆದರು.

ಐದನೆಯ ದಿನ: ಕೊರ್ನಾಲ್ವೊ, ಮತ್ತೆ ಪ್ರೊಸರ್ಪಿನಾ

ಕೊರ್ನಾಲ್ವೊ ಮೆರಿದಾದಿಂದ ಈಶಾನ್ಯಕ್ಕೆ ಸುಮಾರು 15 ಕಿಲೋಮೀಟರ್, ಕಾಯ್ದಿಟ್ಟ ಕಾಡಿನ ಒಳಗೆ. ಕಾರ್ಕ್ ಬೆಂಡಿನ ಮರಗಳ ತೊಗಟೆ ಸುಲಿದ ಬೊಡ್ಡೆಗಳು ದಾರಿಯುದ್ದಕ್ಕೂ ಕೆಂಪಗೆ ಕಾಣುತ್ತವೆ. ಕೆರೆ ಪ್ರೊಸರ್ಪಿನಾಗಿಂತ ಚೆಲುವು. ಯಾರೂ ಇರಲಿಲ್ಲ.

ಇಲ್ಲಿ ಬೇರೆಯದೇ ಉಪಾಯ. ಒಡ್ಡಿನ ಉದ್ದ 200 ಮೀಟರಿನಷ್ಟು. ಒಳಮೈ ನೇರ ಗೋಡೆಯಲ್ಲ, ನೀರಿಗೆ ಇಳಿಜಾರಾಗಿ ಇಳಿಯುತ್ತದೆ. ಒಡ್ಡಿನ ಒಳಗೆ ಅಡ್ಡ ಉದ್ದ ಗೋಡೆ ಕಟ್ಟಿ ಪೆಟ್ಟಿಗೆಗಳ ಹಾಗೆ ಮಾಡಿ, ಅದರಲ್ಲಿ ಕಲ್ಲು, ಜೇಡಿಮಣ್ಣು ತುಂಬಿದ್ದಾರೆ. ಇಳಿಜಾರು ಮೈ ಮುಂದಕ್ಕೆ ಮಗುಚುವುದಿಲ್ಲ, ಹಾಗಾಗಿ ಒತ್ತುಗೋಡೆ ಬೇಕಿಲ್ಲ. ಒಂದೇ ಊರಿಗೆ ಎರಡು ಕೆರೆ, ಒಂದೇ ಭಯಕ್ಕೆ ಎರಡು ಪರಿಹಾರ. ತೂಬಿನ ಗೋಪುರ ಇಲ್ಲಿ ನೀರಿನೊಳಗೇ ನಿಂತಿದೆ. ದಡದಿಂದ ಅದಕ್ಕೆ ಒಂದು ಸಣ್ಣ ಸೇತುವೆ. ಅಪ್ಪ ಅದನ್ನು ನೋಡಿ "ಇದು ನಮ್ಮ ತೂಬು" ಅಂದರು, ಪರದೇಶದಲ್ಲಿ ನೆಂಟರು ಸಿಕ್ಕ ಹಾಗೆ.

ಹನ್ನೊಂದಕ್ಕೆ ಮ್ಯಾಡ್ರಿಡ್ ಕಡೆ ಹೊರಡಬೇಕಿತ್ತು. ಕಾರು ಹತ್ತಿದ ಮೇಲೆ ಅಪ್ಪ ಕೇಳಿದರು, "ಹೋಗ್ತಾ ಇನ್ನೊಂದ್ಸಲ ಆ ಕೆರೆ ನೋಡಿಕೊಂಡು ಹೋಗೋಣ್ವಾ?" ಹಿಂದಕ್ಕೆ ಹೋಗುವ ದಾರಿ ಅದು. ತಿರುಗಿಸಿದೆ.

ಪ್ರೊಸರ್ಪಿನಾದ ಏರಿಯ ಮೇಲೆ ನಾಯಿ ಕರೆದುಕೊಂಡು ಬಂದ ಅಜ್ಜ ಒಬ್ಬರು, ಗಾಳ ಹಾಕಿ ಕೂತ ಇಬ್ಬರು ಹುಡುಗರು. ಅಪ್ಪ ಈ ಸಲ ಒತ್ತುಗೋಡೆ ನೋಡಲಿಲ್ಲ. ನೇರ ಹೋಗಿ ಗೋಡೆಯ ಒಂದು ಸಂದು ತೋರಿಸಿದರು. ನೀರಿನ ಮಟ್ಟಕ್ಕಿಂತ ಒಂದಾಳು ಮೇಲೆ, ಎರಡು ಗ್ರಾನೈಟ್ ಕಲ್ಲಿನ ನಡುವೆ, ಅಂಜೂರದ ಗಿಡವೊಂದು ಚಿಗುರಿತ್ತು. ಐದಾರು ಎಲೆ. ಕಾಂಡ ಕಿರುಬೆರಳಷ್ಟು ದಪ್ಪ.

"ಮೊನ್ನೆಯೇ ನೋಡಿದ್ದೆ. ರಾತ್ರಿಯೆಲ್ಲ ತಲೇಲಿ ಅದೇ. ಈಗ ಕಿತ್ರೆ ಸುಲಭವಾಗಿ ಬರುತ್ತೆ. ಎರಡು ವರ್ಷ ಬಿಟ್ರೆ ಕಲ್ಲು ಸಮೇತ ಬರಬೇಕಾಗುತ್ತೆ."

ಕಿತ್ತುಬಿಡೋಣವಾ ಅಂತ ನಾನು ಕೇಳಿದೆ. ಅವರು ಬೇಡ ಅಂದರು. "ನಮ್ಮದಲ್ಲ, ಕೈ ಹಾಕಬಾರದು. ಬೇರು ಎಷ್ಟು ಆಳ ಹೋಗಿದೆಯೋ ನೋಡದೆ ಎಳೀಬಾರದು. ಇಲ್ಲಿಯ ಇಲಾಖೆಯವರಿಗೆ ಬರಿ."

ಮೂರು ಫೋಟೊ ತೆಗೆಸಿದರು. ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಗೆ ಅವರ ಪೆನ್ ಇಟ್ಟು. ಒಂದು ದೂರದಿಂದ, ಎಷ್ಟನೆಯ ಒತ್ತುಗೋಡೆಯ ಪಕ್ಕ ಅಂತ ಗೊತ್ತಾಗುವ ಹಾಗೆ. ಇನ್ನೊಂದು ಮೇಲಿನಿಂದ. ಎಡ ತುದಿಯಿಂದ ಎಷ್ಟು ಹೆಜ್ಜೆ ಅಂತ ನಡೆದು ಎಣಿಸಿ ಬಂದರು. ಅವರು ಕನ್ನಡದಲ್ಲಿ ಹೇಳಿದರು, ನಾನು ಫೋನಿನಲ್ಲಿ ಸ್ಪ್ಯಾನಿಷ್‌ಗೆ ಬರೆದೆ. ನಾಲ್ಕೇ ಸಾಲು. ಎಲ್ಲಿ, ಏನು, ಎಷ್ಟು ದಪ್ಪ, ಮಳೆಗೆ ಮುಂಚೆ ತೆಗೆದರೆ ಒಳ್ಳೆಯದು.

"ಹೋಯ್ತಾ?"

"ಹೋಯ್ತು ಅಪ್ಪ."

ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಕಾರಿನ ಕಡೆ ನಡೆದರು.